ಅವ್ವ ಹೇಳಿ ಬರೆಸಿದ ಪತ್ರಗಳು

ನಾನು ಜಪಾನಿಗೆ ಹೋದಾಗ ನನಗೆ ಇಪ್ಪತ್ಮೂರು ವರ್ಷ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಅಲ್ಲಿಯವರೆಗೆ ನಾನು ಕಂಡಿದ್ದ ಅತಿ ದೂರದ ಊರೆಂದರೆ ಸೊಲ್ಲಾಪುರ. ಹಳ್ಳಿಯ ರೈತ ಯುವಕರನ್ನು ಆರಿಸಿ, ಎಂಟು ತಿಂಗಳು ಅಲ್ಲಿಯ ಒಕ್ಕಲು ಮನೆಗಳಲ್ಲಿ ಇರಿಸಿ, ಅವರ ಜೊತೆ ದುಡಿಯುತ್ತ ಕಲಿಯಲಿ ಎಂದು ಕಳಿಸುವ ಯೋಜನೆಯೊಂದು ಆಗ ಇತ್ತು. ನಮ್ಮೂರು ತಿರ್ಲಾಪುರದಿಂದ ಅದಕ್ಕೆ ಇಬ್ಬರು ಅರ್ಜಿ ಹಾಕಿದ್ದೆವು, ನಾನು ಮತ್ತು ನನ್ನ ಗೆಳೆಯ.

ಅವನನ್ನು ಗೆಳೆಯ ಅಂದರೆ ಕಡಿಮೆಯೇ. ಒಂದನೆಯ ಇಯತ್ತೆಯಿಂದ ನವಲಗುಂದದ ಹೈಸ್ಕೂಲಿನವರೆಗೆ ಇಬ್ಬರದೂ ಒಂದೇ ಬೆಂಚು. ಅವನು ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಅವನ ಮನೆಯಲ್ಲಿ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿರಲಿಲ್ಲ, ಹೀಗಾಗಿ ಮಧ್ಯಾಹ್ನದ ಊಟ ನಮ್ಮ ಅಡುಗೆಮನೆಯಲ್ಲೇ ಆಗುತ್ತಿತ್ತು. ಅವ್ವನಿಗೆ ಕಾಕು ಅನ್ನುತ್ತಿದ್ದ, ಅಪ್ಪನಿಗೆ ಕಾಕಾ. ಅವ್ವ ನನಗೆ ಬೈದಷ್ಟೇ ಸಲೀಸಾಗಿ ಅವನಿಗೂ ಬೈಯುತ್ತಿದ್ದಳು.

ಸಂದರ್ಶನಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಧಾರವಾಡಕ್ಕೆ ಹೋದೆವು. ಹೈಬ್ರಿಡ್ ಹತ್ತಿ ಆಗಿನ್ನೂ ಹೊಸದು. ಒಂದು ಹೂವಿನ ಗಂಡುಭಾಗ ಕಿತ್ತು, ಬೇರೆ ಜಾತಿಯ ಹೂವಿನ ಪರಾಗ ಮುಟ್ಟಿಸಿ ಬೀಜ ಮಾಡುವ ಕೆಲಸ ನಮಗಿಬ್ಬರಿಗೂ ಬರುತ್ತಿತ್ತು, ಅದನ್ನೇ ಅವರು ಕೇಳಿದರು. ಹೊರಗೆ ಬಂದು ಲೆಕ್ಕ ಹಾಕಿದರೆ ಇಬ್ಬರೂ ಒಂದೇ ತೆರನಾದ ಉತ್ತರ ಕೊಟ್ಟಿದ್ದೆವು. ಹದಿನೈದು ದಿನಗಳ ಮೇಲೆ ಪತ್ರ ಬಂದದ್ದು ನನಗೊಬ್ಬನಿಗೇ. ಅಂಚೆಯವನಿಂದ ಅದನ್ನು ಇಸಕೊಂಡು ನಮ್ಮ ಹೊಲದವರೆಗೆ ಓಡಿ ಬಂದವನು ಅವನೇ. ಅವನ ಮುಖದಲ್ಲಿ ನನಗೆ ಸಂತೋಷದ ಹೊರತು ಬೇರೇನೂ ಕಾಣಲಿಲ್ಲ.

ನಮ್ಮ ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಅಪ್ಪ ಮೊದಲು ಮುಂಜಾನೆ ಪೂಜೆಯಾದ ಮೇಲೆ ವಚನದ ಪುಸ್ತಕ ಹಿಡಿದು ಕೂರುತ್ತಿದ್ದ. ಎರಡು ವರ್ಷಗಳಿಂದ ಕಣ್ಣಿಗೆ ಪೊರೆ ಬಂದು ಅದೂ ನಿಂತಿತ್ತು. ಅಕ್ಕನನ್ನು ಕುಬಿಹಾಳಕ್ಕೆ ಕೊಟ್ಟಿತ್ತು, ಅವಳಿಗೂ ಅಕ್ಷರ ಹತ್ತಿರಲಿಲ್ಲ. ಹೀಗಾಗಿ ನನ್ನ ಪತ್ರ ಓದಿ ಹೇಳುವುದು, ಅವ್ವ ಹೇಳಿದ್ದನ್ನು ಬರೆದು ಅಂಚೆಗೆ ಹಾಕುವುದು ಎರಡೂ ಗೆಳೆಯನ ಪಾಲಿಗೆ ಬಂದವು. ಇದನ್ನು ಯಾರೂ ಕೂತು ನಿರ್ಧರಿಸಲಿಲ್ಲ. ಬೇರೆ ಯಾರಿಗೆ ಹೇಳಬೇಕಿತ್ತು? ಹೊರಡುವ ಮುಂಚೆ ಬದುವಿನ ಮೇಲೆ ಕೂತಾಗ ಅವನು ಅಂದ:

“ಮನಿಗೆ ಬರಿಯೂದು ಬ್ಯಾರೆ, ನನಗ ಬರಿಯೂದು ಬ್ಯಾರೆ. ಮನಿಗೆ ಚಲೋದಷ್ಟ ಬರಿ. ನನಗ ಖರೇದ್ದು ಬರಿ. ಒಂದೂ ಬಿಡಬ್ಯಾಡ.”

ನಾನು ಹಾಗೇ ಮಾಡಿದೆ. ಎಂಟು ತಿಂಗಳೂ ಎರಡೆರಡು ನೀಲಿ ಏರ್‌ಮೇಲ್ ಕಾಗದ ಬರೆದೆ. ಒಂದು ಅಪ್ಪನ ಹೆಸರಿಗೆ, ಒಂದು ಅವನ ಹೆಸರಿಗೆ.

ಮೊದಲು ನನ್ನನ್ನು ಕಳಿಸಿದ್ದು ನಾಗಾನೊ ಎಂಬ ಗುಡ್ಡಗಳ ಸೀಮೆಗೆ, ಸೇಬಿನ ತೋಟದ ಮನೆಯೊಂದಕ್ಕೆ. ಗಂಡ, ಹೆಂಡತಿ, ಅವನ ಮುದಿ ತಾಯಿ. ಏಪ್ರಿಲ್ ಕೊನೆಯಲ್ಲೂ ಗುಡ್ಡದ ತುದಿಯಲ್ಲಿ ಹಿಮ ಇತ್ತು. ಮೇ ತಿಂಗಳಲ್ಲಿ ಗಿಡವೆಲ್ಲ ಹೂ ಬಿಟ್ಟಾಗ ಅವರು ಕೋಲಿನ ತುದಿಗೆ ಪುಕ್ಕದ ಉಂಡೆ ಕಟ್ಟಿ, ಅದನ್ನು ಪರಾಗದ ಪುಡಿಯಲ್ಲಿ ಅದ್ದಿ, ಒಂದೊಂದು ಹೂವಿಗೂ ಮುಟ್ಟಿಸುತ್ತಿದ್ದರು. ನನಗೆ ಹೇಳಿಕೊಡಬೇಕಾಗಲಿಲ್ಲ. ನಾನು ಮಾಡುವುದನ್ನು ನೋಡಿ ಮನೆಯ ಯಜಮಾನ ಕೈ ತಟ್ಟಿದ. ಮಾತು ಬರದ ನಾಡಿನಲ್ಲಿ ಕೈಗೆ ಕೆಲಸ ಗೊತ್ತಿದ್ದುದು ದೊಡ್ಡ ಧೈರ್ಯವಾಯಿತು.

ಮಾಂಸ, ಮೀನು, ಮೊಟ್ಟೆ ಯಾವುದೂ ನಡೆಯುವುದಿಲ್ಲ ಎಂದು ದುಭಾಷಿಯ ಕೈಯಲ್ಲಿ ಒಂದು ಚೀಟಿ ಬರೆಸಿಕೊಂಡಿದ್ದೆ. ಮುದುಕಿ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಳು. ನನಗೆಂದೇ ಬೇರೆ ಪಲ್ಯ, ಅನ್ನ, ಸೋಯಾ ಕಾಳಿನ ಹಿಟ್ಟು ಹುದುಗಿಸಿ ಮಾಡಿದ ಸಾರು. ಆ ಸಾರು ನನಗೆ ಬಹಳ ಸೇರಿತು. ಎರಡೆರಡು ಬಟ್ಟಲು ಕುಡಿಯುತ್ತಿದ್ದೆ. ಸುಮಾರು ನಲವತ್ತು ದಿನಗಳ ಮೇಲೆ ಒಂದು ಮುಂಜಾನೆ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಮುದುಕಿ ಬೆರಳುದ್ದದ ಒಣಮೀನಿನ ತಲೆ ಮುರಿದು ಕುದಿಯುವ ನೀರಿಗೆ ಹಾಕುತ್ತಿದ್ದಳು. ಆಮೇಲೆ ಅವನ್ನು ಸೋಸಿ ತೆಗೆದಳು, ಅದೇ ನೀರಿಗೆ ಆ ಹಿಟ್ಟು ಕಲಸಿದಳು. ಅವಳ ಲೆಕ್ಕದಲ್ಲಿ ಮೀನು ತೆಗೆದ ಮೇಲೆ ಅದು ಮೀನಿನ ಸಾರಲ್ಲ.

ನಾನು ಹಿತ್ತಲಿಗೆ ಹೋಗಿ ನಿಂತೆ. ವಾಂತಿ ಬರಲಿಲ್ಲ, ಅದೇ ಹೆದರಿಕೆಯಾಯಿತು. ಕೊರಳಲ್ಲಿಯ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಅಂದು ಸಾರು ಬೇಡವೆಂದು ತಲೆ ಅಲ್ಲಾಡಿಸಿದೆ. ಮುದುಕಿ ಬಟ್ಟಲನ್ನು ವಾಪಸು ಒಯ್ದು ತಾನೇ ರುಚಿ ನೋಡಿದಳು, ಇನ್ನಷ್ಟು ಬಿಸಿ ಮಾಡಿ ತಂದಳು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಅವಳು ಊಟಕ್ಕೆ ಬಾರದೆ ಒಳಗೇ ಕೂತಳು. ನಾನು ಎದ್ದು ಹೋಗಿ ಬಟ್ಟಲು ತೆಗೆದುಕೊಂಡು, ಗೊತ್ತಿದ್ದೂ, ಕುಡಿದೆ.

ಇದನ್ನು ಗೆಳೆಯನಿಗೆ ಬರೆದೆ. ಗೊತ್ತಿದ್ದು ಕುಡಿದೆ, ರುಚಿಯಾಗಿಯೂ ಇತ್ತು ಎಂದು ಬರೆದೆ. ಆ ಪತ್ರ ಹಾಕಿದ ಮೇಲೆ ಎದೆ ಹಗುರಾಯಿತು. ಮೂರು ವಾರಗಳ ನಂತರ ಅವನ ಉತ್ತರ ಬಂತು: ಸಾರಿನ ಕತೆ ಓದಿ ಬಹಳ ನಕ್ಕೆ, ಯಾರ ಮುಂದೆಯೂ ಹೇಳಿಲ್ಲ, ಮುಂದೇನಾಯಿತು, ಎಲ್ಲಾ ಬರಿ.

ಜೂನ್ ಮುಗಿಯುತ್ತಲೇ ನನ್ನನ್ನು ಉತ್ತರದ ಹೊಕ್ಕೈದೊಗೆ ಕಳಿಸಿದರು. ಒಂದು ಹಗಲು, ಒಂದು ರಾತ್ರಿ ರೈಲು, ನಡುವೆ ಸಮುದ್ರ ದಾಟಲು ಹಡಗು. ಅಲ್ಲಿಯದು ಬಟಾಟೆ, ಬೀಟು, ಹಾಲಿನ ದನಗಳ ಸೀಮೆ. ಹೊಲಗಳು ನಮ್ಮ ಎರೆಭೂಮಿಯ ಹಾಗೇ ಕಣ್ಣು ಹರಿಯುವಷ್ಟೂ ಬಯಲು. ಆ ಮನೆಯ ಯಜಮಾನನಿಗೆ ಐವತ್ತು ದಾಟಿತ್ತು, ಇಬ್ಬರು ಗಂಡುಮಕ್ಕಳೂ ಪಟ್ಟಣದ ಕಾರಖಾನೆ ಸೇರಿದ್ದರು. ಸಂಜೆ ಎಲ್ಲರೂ ಊರಿನ ಬಿಸಿನೀರಿನ ಸ್ನಾನದ ಮನೆಗೆ ಹೋಗುವುದು ರೂಢಿ. ಗಂಡಸರೆಲ್ಲ ಬತ್ತಲೆ ಒಂದೇ ಹೊಂಡದಲ್ಲಿ ಕೂರಬೇಕು. ಲಿಂಗವನ್ನು ಮೈಯಿಂದ ಬೇರೆ ಇಡುವುದು ನನ್ನಿಂದ ಆಗದು, ಬಿಸಿನೀರಿನಲ್ಲಿ ಮುಳುಗಿಸಲೂ ಮನಸ್ಸಿಲ್ಲ. ಅವರೆಲ್ಲ ಸಣ್ಣ ಟವೆಲ್ ಮಡಚಿ ತಲೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದರು. ನಾನು ಕರಡಿಗೆಯನ್ನು ಆ ಟವೆಲಿನಲ್ಲಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಕೂತೆ. ಇದನ್ನೂ ಗೆಳೆಯನಿಗೆ ಬರೆದೆ.

ಆಗಸ್ಟಿನಲ್ಲಿ ಯಜಮಾನ ಇನ್ನೊಂದು ವರ್ಷ ತನ್ನ ಹತ್ತಿರವೇ ಉಳಿಯುತ್ತೀಯಾ ಎಂದು ಕೇಳಿದ. ಅರ್ಧ ತಮಾಷೆ, ಅರ್ಧ ಖರೆ. ಅಲ್ಲಿಯ ಟ್ರ್ಯಾಕ್ಟರು, ಹುಲ್ಲು ಕೊಯ್ಯುವ ಯಂತ್ರ ಇವೆಲ್ಲ ನನ್ನ ತಲೆ ಕೆಡಿಸಿದ್ದವು. ಗೆಳೆಯನಿಗೆ ಬರೆದೆ: ಉಳಿಯೋಣವೇ ಎಂದು ಎರಡು ದಿನ ನಾನೂ ವಿಚಾರ ಮಾಡಿದೆ, ಆಮೇಲೆ ಬೇಡ ಅನಿಸಿತು, ಅಪ್ಪನ ಕಣ್ಣಿನ ಆಪರೇಶನ್ ಮಾಡಿಸಬೇಕು, ಡಿಸೆಂಬರಿಗೆ ಬಂದೇ ಬರುತ್ತೇನೆ.

ಮನೆಯ ಪತ್ರಗಳೂ ತಪ್ಪದೆ ಬರುತ್ತಿದ್ದವು. ಅವ್ವ ಹೇಳಿ ಬರೆಸಿದ್ದು, ಗೆಳೆಯನ ದುಂಡನೆಯ ಅಕ್ಷರ. ಮೊದಲಿನವುಗಳಲ್ಲಿ ಅವ್ವನ ದನಿ ಕೇಳುತ್ತಿತ್ತು. ಎಮ್ಮೆ ಈಯಿತು, ತಲೆಗೆ ಎಣ್ಣೆ ಹಚ್ಚಿಕೋ, ಅಂಥವು. ಆಗಸ್ಟಿನ ನಂತರದವು ಗಿಡ್ಡವಾದವು. ಇತ್ತ ಎಲ್ಲರೂ ಕ್ಷೇಮ, ಅಪ್ಪ ಆರಾಮ ಇದ್ದಾನೆ, ಮನೆಯ ಚಿಂತೆ ಮಾಡಬೇಡ, ಮನಸ್ಸಿಗೆ ಬಂದಷ್ಟು ದಿನ ಇರು. ಉಂಡೆಯಾ ಎಂದು ಕೇಳದ ಅವ್ವನನ್ನು ನಾನು ಕಂಡಿರಲಿಲ್ಲ. ಸುಗ್ಗಿಯ ಅವಸರವಿರಬೇಕು ಎಂದುಕೊಂಡೆ, ಸುಗ್ಗಿ ಆ ತಿಂಗಳಲ್ಲಿ ಬರುವುದಿಲ್ಲ ಎಂಬುದೂ ಹೊಳೆಯಲಿಲ್ಲ.

ಕೊನೆಯ ಎರಡು ತಿಂಗಳು ದಕ್ಷಿಣದ ಕಾಗೊಶಿಮಾದಲ್ಲಿ. ಅಲ್ಲಿ ಎದುರಿಗೇ ಹೊಗೆಯಾಡುವ ಬೆಂಕಿಯ ಗುಡ್ಡ. ಒಣಹಾಕಿದ ಬಟ್ಟೆಯ ಮೇಲೆ, ಗೆಣಸಿನ ಬಳ್ಳಿಯ ಮೇಲೆ ಬೂದಿ ಬೀಳುತ್ತಿತ್ತು. ಹೆಂಗಸರು ದಿನಾ ಅಂಗಳದ ಬೂದಿ ಗುಡಿಸುತ್ತಿದ್ದರು. ಬಿಸಿಲು ನಮ್ಮದರ ಹಾಗೇ ಇತ್ತು, ಅಲ್ಲಿಗೆ ಹೋದ ಮೇಲೆಯೇ ನನಗೆ ಊರಿನ ಹಂಬಲ ಹೆಚ್ಚಾಯಿತು. ಆ ಊರಿನ ಕಮ್ಮಾರನ ಹತ್ತಿರ ಅಪ್ಪನಿಗೆಂದು ಒಂದು ಕುಡುಗೋಲು ಕೊಂಡೆ. ಹಗುರ ಹಿಡಿಕೆ, ತೆಳುವಾದ ಬಾಯಿ. ಅದೇ ವಾರ ಮನೆಯಿಂದ ಪತ್ರ ಬಂತು: ಅಪ್ಪ ತಾನೇ ಎತ್ತು ಹೂಡಿ ಹತ್ತಿ ಬಿತ್ತಿ ಮುಗಿಸಿದ್ದಾನೆ.

ಡಿಸೆಂಬರಿನಲ್ಲಿ ಮುಂಬಯಿಗೆ ಬಂದು, ರೈಲಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಬಸ್ಸು. ಬರುವ ದಿನವನ್ನು ಬರೆದು ತಿಳಿಸಿದ್ದರೂ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ಇರಲಿಲ್ಲ. ಟ್ರಂಕು ಹೆಗಲ ಮೇಲೆ ಹೊತ್ತು ನಡೆದೆ. ಅವ್ವ ಬಾಗಿಲಲ್ಲೇ ಇದ್ದಳು. ಬಂದವರಿಗೆ ಕೊಡುವ ಹಾಗೆ ತಂಬಿಗೆಯಲ್ಲಿ ಕಾಲಿಗೆ ನೀರು ಕೊಟ್ಟಳು.

“ಅಲ್ಲೇ ಉಳೀತೀನಿ ಅಂದಿದ್ದಿ. ಯಾಕ ಬಂದಿ?” ಅಂದಳು.

ಅಷ್ಟರಲ್ಲಿ ಪಡಸಾಲೆಯ ಹೊರಸಿನ ಮೇಲೆ ಅಪ್ಪನನ್ನು ಕಂಡೆ. ಬಾಯಿ ಒಂದು ಬಾಜು ವಾಲಿತ್ತು. ಬಲಗೈ ಎದೆಯ ಮೇಲೆ ಬೇರೆಯವರ ಕೈಯ ಹಾಗೆ ಬಿದ್ದಿತ್ತು. ಆಗಸ್ಟಿನಲ್ಲಿ, ಹೊಲ ಹದ ಮಾಡುವಾಗ, ಲಕ್ವ ಹೊಡೆದಿತ್ತಂತೆ. ನಾಲ್ಕು ತಿಂಗಳಿಂದ ಅವನು ಹಾಗೇ ಮಲಗಿದ್ದ. ನಾನು ಹತ್ತಿರ ಹೋಗಿ ಕೂತಾಗ ಮುಖ ಗೋಡೆಯ ಕಡೆ ತಿರುಗಿಸಿದ. ಏನು ಮಾಡಬೇಕೆಂದು ತಿಳಿಯದೆ ಟ್ರಂಕು ತೆರೆದು ಕುಡುಗೋಲು ತೆಗೆದು ಅವನ ಮುಂದೆ ಹಿಡಿದೆ. ಅದು ಎಂಥ ಹುಚ್ಚು ಕೆಲಸ ಎಂದು ಹಿಡಿದ ಮೇಲೆ ಗೊತ್ತಾಯಿತು. ಅಪ್ಪ ಅದನ್ನು ಎಡಗೈಯಿಂದ ತೆಗೆದುಕೊಂಡು ಹಾಸಿಗೆಯ ಬದಿಗೆ ಇಟ್ಟ.

“ನನ್ನ... ಕೇಳಲಿಲ್ಲ... ನೀ” ಅಂದ. ಅಷ್ಟು ಹೇಳಲು ಅವನಿಗೆ ಬಹಳ ಹೊತ್ತು ಬೇಕಾಯಿತು.

ಮರುದಿನ ಮುಂಜಾನೆ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಟ್ರಂಕಿನಿಂದ ಅವಳ ಹನ್ನೊಂದು ಪತ್ರಗಳನ್ನು ತಂದು ಎದುರಿಗೆ ಕೂತು, ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಮೊದಲ ಐದಕ್ಕೆ ಅವಳು ಹೂಂ ಅಂದಳು. ಆರನೆಯದಕ್ಕೆ ಮೊರ ಕೆಳಗಿಟ್ಟಳು.

“ಇದನ್ನ ನಾ ಹೇಳಿಲ್ಲ.”

“ಅಪ್ಪ ಆರಾಮ ಅದಾನ ಅಂತ ಹೇಳಿರಲಿಲ್ಲೇನು?”

“ಅಪ್ಪಗ ಲಕ್ವ ಹೊಡದೈತಿ, ಲಗೂನ ಬಾ ಅಂತ ಹೇಳೀನಿ. ಅಂವ ನನ್ನ ಮುಂದನ ಬರದಾನ.”

ಏಳು, ಎಂಟು, ಒಂಬತ್ತು. ಒಂದರಲ್ಲೂ ಅವಳ ಮಾತಿರಲಿಲ್ಲ. ಅವಳು ಏನೇನು ಹೇಳಿದ್ದಳೆಂದು ಆಗ ಹೇಳಿದಳು. ಅಪ್ಪ ಮಾತಾಡುವುದಿಲ್ಲ, ನಿನ್ನ ಹೆಸರು ಕೇಳಿದರೆ ಅಳುತ್ತಾನೆ. ನೀನು ಯಾಕೆ ಒಂದು ಮಾತೂ ಕೇಳುವುದಿಲ್ಲ, ನಮ್ಮ ಮೇಲೆ ಸಿಟ್ಟೇ? ಗೆಳೆಯ ಇದನ್ನೆಲ್ಲ ಕೇಳಿಸಿಕೊಂಡು, ತಲೆಯಾಡಿಸುತ್ತ, ಅವಳೆದುರಿಗೇ ಕೂತು ಕಾಗದದ ತುಂಬ ಬರೆಯುತ್ತಿದ್ದನಂತೆ. ಬರೆದದ್ದು ‘ಎಲ್ಲರೂ ಕ್ಷೇಮ’ ಎಂದು.

ನಾನು ಅವನಿಗೆ ಬರೆದ ಖಾಸಗಿ ಪತ್ರಗಳನ್ನೂ ಅವನು ಗಟ್ಟಿಯಾಗಿ ಓದಿ ಹೇಳಿದ್ದನೆಂಬುದು ಅವ್ವನ ಮಾತಿನಿಂದಲೇ ಗೊತ್ತಾಯಿತು. ಮೊದಲು ಊರಿನ ಕಟ್ಟೆಯ ಮೇಲೆ, ಆಮೇಲೆ ನಮ್ಮ ಮನೆಯಲ್ಲಿ. ಮೀನಿನ ಸಾರು, ತಲೆಯ ಮೇಲಿನ ಲಿಂಗ, ಎಲ್ಲ. ಹೊಕ್ಕೈದೊದಲ್ಲಿ ಉಳಿಯುವ ವಿಚಾರದ ಪತ್ರವನ್ನೂ ಓದಿದ್ದ. ಬೇಡ ಅನಿಸಿತು ಎಂದು ನಾನು ಬರೆದ ಮಾತನ್ನು ಮಾತ್ರ ಬಿಟ್ಟಿದ್ದ.

ಅಂದೇ ಅವನನ್ನು ಹುಡುಕಿಕೊಂಡು ಹೋದೆ. ಅವನು ಸಿಕ್ಕಿದ್ದು ನಮ್ಮದೇ ಹೊಲದಲ್ಲಿ. ನಮ್ಮದೇ ಎತ್ತು ಕಟ್ಟಿಕೊಂಡು ಹತ್ತಿಯ ಸಾಲಿನಲ್ಲಿ ಕಳೆ ತೆಗೆಯಲು ಎಡೆ ಹೊಡೆಯುತ್ತಿದ್ದ. ನನ್ನನ್ನು ಕಂಡು ಎತ್ತು ನಿಲ್ಲಿಸಿದ, ಹತ್ತಿರ ಬರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳಿದೆ.

“ಬರದು ತಿಳಿಸಿದ್ರ ನೀ ಅರ್ಧಕ್ಕ ಬಿಟ್ಟು ಓಡಿ ಬರ್ತಿದ್ದಿ. ನಿನ್ನ ಚಲೋದಕ್ಕ ಬರೀಲಿಲ್ಲ.”

ಒಂದು ಕ್ಷಣ ನಾನೂ ಅದನ್ನು ನಂಬಲು ತಯಾರಿದ್ದೆ. ನಂಬಿದ್ದರೆ ಎಷ್ಟು ಸುಲಭವಾಗುತ್ತಿತ್ತು.

“ಹಂಗಾರ ನಾ ಉಳಿಯೂದಿಲ್ಲ ಅಂತ ಬರದದ್ದನ್ನ ಯಾಕ ಓದಲಿಲ್ಲ?”

ಅವನು ಎತ್ತಿನ ಬೆನ್ನು ಸವರಿದ.

“ಮೊದಮೊದಲ ನಗಸಾಕ ಓದಿದೆ,” ಅಂದ. “ಮಂದಿ ಕೇಳಾಕ ಬರಾಕತ್ರು. ನಾನ ಹೋಗಿ ಬಂದಂಗ ಆತು. ಆಮ್ಯಾಲ ಕಾಕಾ ಬಿದ್ದ. ಹೊಲ, ಮನಿ ಎಲ್ಲಾ ನಾನ ನೋಡಿದೆ. ನೀ ಅಲ್ಲಿ ಇರು, ನಾ ಇಲ್ಲಿ ಇರತೀನಿ, ಹಂಗ ಇದ್ರ ಸರಿ ಅನಿಸ್ತು.”

“ಇಲ್ಲಿ ಅಂದ್ರ ಎಲ್ಲಿ?”

“ನಿಮ್ಮ ಮನ್ಯಾಗ.”

ಹೊಡೆಯಬೇಕೆಂದೇ ಹೋಗಿದ್ದೆ. ಕೈ ಏಳಲಿಲ್ಲ. ಸಂದರ್ಶನದ ಮಾತನ್ನು ಅವನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ನನ್ನ ಪತ್ರಗಳನ್ನು ಕೊಡು ಅಂದೆ. ಎರಡು ದಿನಗಳ ಮೇಲೆ ಕಟ್ಟು ಮಾಡಿ ಅವ್ವನ ಕೈಯಲ್ಲಿ ಕೊಟ್ಟು ಹೋದ. ಹೊಕ್ಕೈದೊದಲ್ಲಿ ಉಳಿಯುವ ವಿಚಾರ ಬರೆದ ಆ ಒಂದು ಪತ್ರ ಅದರಲ್ಲಿರಲಿಲ್ಲ.

ಊರಿನಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. ಪಂಕ್ತಿಯಲ್ಲಿ ಕೂತಾಗ ಬಾಜೂಕಿನ ಹಿರಿಯರೊಬ್ಬರು ತುಸು ಸರಿದು ಕೂತರು. ಹುಡುಗರು ನನ್ನನ್ನು ಕಂಡರೆ ತಲೆಯ ಮೇಲೆ ಟವೆಲ್ ಇಟ್ಟುಕೊಂಡು ಓಡುತ್ತಿದ್ದರು. ಅದನ್ನು ತಡೆದುಕೊಳ್ಳಬಹುದಿತ್ತು. ನನಗೆ ತಡೆಯಲಾಗದ್ದು ಬೇರೆ. ಜಪಾನಿನ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಸೇಬಿನ ಹೂವಿನ ಸುದ್ದಿ ಎತ್ತಿದರೆ ಕೇಳುವವರು ನಡುವೆಯೇ, ಅದು ಗೊತ್ತೈತಿ, ಕೋಲಿಗೆ ಪುಕ್ಕ ಕಟ್ಟತಾರಲ್ಲ ಅನ್ನುತ್ತಿದ್ದರು. ಗೆಳೆಯ ತನ್ನದನ್ನೂ ಸೇರಿಸಿ ಹೇಳಿದ್ದ. ನಾನು ಅಲ್ಲಿ ಹುಡುಗಿಯೊಬ್ಬಳ ಕೂಡ ಓಡಾಡಿದ್ದೆನೆಂದೂ ಒಂದು ಕತೆ ಇತ್ತು. ಅದನ್ನು ನಾನು ಯಾವ ಪತ್ರದಲ್ಲೂ ಬರೆದಿರಲಿಲ್ಲ.

ಅಪ್ಪನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಲು ನನಗೆ ಹತ್ತು ದಿನ ಹಿಡಿದವು. ದಿನಾ ಅವನ ಕೈಗೆ ಎಣ್ಣೆ ತಿಕ್ಕುತ್ತ ತುಸು ತುಸು ಹೇಳಿದೆ. ಪತ್ರದ ಮೋಸ ಅವನಿಗೆ ತಿಳಿಯಿತು, ಆದರೆ ನಾಲ್ಕು ತಿಂಗಳು ಮಗನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಒಮ್ಮೆಲೇ ಇಳಿಯಲಿಲ್ಲ. ಸಾರಿನ ವಿಷಯಕ್ಕೆ ಬಂದಾಗ ನಾನು ತಲೆ ತಗ್ಗಿಸಿಯೇ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ.

“ಮುದುಕಿ... ಆಮ್ಯಾಲ... ಉಂಡಳೇನು?” ಅಂದ.

ಉಂಡಳು ಅಂದೆ. ಆಮೇಲೆ ಅವನು ಆ ಸುದ್ದಿ ಎತ್ತಲಿಲ್ಲ.

ಅವ್ವನದೇ ನನಗೆ ನುಂಗಲಾಗದ ತುತ್ತಾಯಿತು. ಗೆಳೆಯ ಮಧ್ಯಾಹ್ನ ಬಂದರೆ ಅವಳು ಮೊದಲಿನಂತೆಯೇ ರೊಟ್ಟಿ ಹಾಕಿ ಕೊಡುತ್ತಿದ್ದಳು. ಮಾತಾಡುತ್ತಿರಲಿಲ್ಲ, ಹಾಕಿ ಕೊಡುತ್ತಿದ್ದಳು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಒಂದು ದಿನ ತಡೆಯಲಾರದೆ, ಇಂಥವನಿಗೆ ಹೇಗೆ ಉಣ್ಣಲು ಹಾಕುತ್ತೀ ಎಂದು ಕೇಳಿದೆ.

“ನಿಮ್ಮಪ್ಪ ಹೊಲದಾಗ ಬಿದ್ದಾಗ ಅಂವ ಬೆನ್ನಮ್ಯಾಲೆ ಹೊತ್ತು ರೋಡಿನ ತನಕ ಬಂದಾನ. ಹುಬ್ಬಳ್ಳಿ ದವಾಖಾನ್ಯಾಗ ಹದಿನೆಂಟು ದಿವಸ ನೆಲದ ಮ್ಯಾಲೆ ಮಲಗ್ಯಾನ. ಹೇಲು ಉಚ್ಚಿ ಬಳದಾನ. ನಾ ಏನ ಮಾಡ್ಲಿ ಹೇಳು.”

ಅದೆಲ್ಲ ನಾನು ಮಾಡಬೇಕಾದ ಕೆಲಸ, ತಿಳಿದಿದ್ದರೆ ಓಡಿ ಬಂದು ಮಾಡುತ್ತಿದ್ದ ಕೆಲಸ. ಬಾ ಎಂಬ ಮಾತನ್ನು ನನಗೆ ಮುಟ್ಟಗೊಡದವನೇ ಅದನ್ನು ಮಾಡಿದ್ದ. ಅವನ ಮೇಲಿನ ಸಿಟ್ಟಿಗೆ ಮನೆಯಲ್ಲಿ ಯಾರೂ ನನ್ನ ಜೊತೆಗಿರಲಿಲ್ಲ. ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಹೊರಗಿನವನಂತೆ ಇದ್ದವನು ನಾನೇ.

ಎರಡು ವರ್ಷಗಳ ಮೇಲೆ ಅಪ್ಪ ತೀರಿಕೊಂಡ. ಹೆಣ ಕೂರಿಸಿದ ವಿಮಾನಕ್ಕೆ ನಾನು ಒಂದು ಬದಿ ಹೆಗಲು ಕೊಟ್ಟೆ, ಗೆಳೆಯ ಇನ್ನೊಂದು ಬದಿ ಕೊಟ್ಟ. ಮರುವರ್ಷ ಅವನ ಲಗ್ನ ಮಿಶ್ರಿಕೋಟಿಯ ಹುಡುಗಿಯೊಂದಿಗೆ ಆಯಿತು. ಮಾವನಿಗೆ ಗಂಡುಮಕ್ಕಳಿರಲಿಲ್ಲ, ಭತ್ತದ ಗದ್ದೆ ನೋಡಿಕೊಳ್ಳಲು ಅಳಿಯ ಅಲ್ಲಿಗೇ ಹೋಗಬೇಕೆಂದಾಯಿತು. ಹೊರಡುವ ದಿನ ಅವ್ವನ ಕಾಲು ಮುಟ್ಟಲು ಬಂದ. ಅವಳು ಅತ್ತಳು, ಅವನೂ ಅತ್ತ. ನಾನು ಅಂಗಳದಲ್ಲಿ ನೊಗದ ಹಗ್ಗ ಬಿಗಿಯುತ್ತ ನಿಂತಿದ್ದೆ.

“ಒಮ್ಮೆ ಆ ಕಡೆ ಬಾ,” ಅಂದ.

“ನೋಡೂಣು,” ಅಂದೆ.

ಕಲಘಟಗಿ ಕಡೆ ಹೋಗುವ ಕೆಲಸ ನನಗೆ ಆಮೇಲೆ ಎಷ್ಟೋ ಸಲ ಬಂದಿದೆ. ಬಸ್ಸು ಮಿಶ್ರಿಕೋಟಿಯಲ್ಲಿ ನಿಲ್ಲುತ್ತದೆ. ಕಂಡಕ್ಟರ್ ಇಳಿಯುವವರಿದ್ದೀರಾ ಎಂದು ಕೂಗುತ್ತಾನೆ. ನಾನು ಇದುವರೆಗೆ ಇಳಿದಿಲ್ಲ.